ಅಳತೆಗೆ ನಿಂತವಳು

"ಸ್ವಲ್ಪ ಆ ಗೋಡೆ ಪಕ್ಕ ನಿಲ್ತೀರಾ?"

ಪವಿತ್ರಾ ತಲೆಯೆತ್ತಿ ನೋಡಿದಳು. ಕೇಳಿದವನು ಆಗಲೇ ಮೊಬೈಲ್ ಎತ್ತಿ ಹಿಡಿದಿದ್ದ. ನೀಲಿ ಚೆಕ್ಸ್ ಶರ್ಟು, ಮೊಣಕಾಲಿನವರೆಗೆ ಕೆಸರು, ಕತ್ತಿನಲ್ಲಿ ನೇತಾಡುವ ಐಡಿ ಕಾರ್ಡು. ಕೊಪ್ಪದ ಪಂಚಾಯತ್ ರಾಜ್ ಎಂಜಿನಿಯರಿಂಗ್ ಆಫೀಸಿನಿಂದ ಬಂದವನು, ಹೆಸರು ಈಶಾನ. ಪರಿಚಯವಾಗಿ ಇನ್ನೂ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತೂ ಆಗಿರಲಿಲ್ಲ.

"ಎಂತಕ್ಕೆ?"

"ಫೋಟೋಕ್ಕೆ."

"ನನ್ನ ಫೋಟೋ ನಿಮಗೆ ಎಂತಕ್ಕೆ ಸಾರ್?"

"ನಿಮ್ಮದಲ್ಲ, ಗೋಡೆದು. ನೀವು ಪಕ್ಕದಲ್ಲಿದ್ರೆ..." ಅವನು ಸರಿಯಾದ ಮಾತಿಗಾಗಿ ತಡಕಾಡಿ, ಸಿಕ್ಕದೆ, ತಪ್ಪು ಮಾತನ್ನೇ ಆಡಿದ. "ಚೆನ್ನಾಗಿ ಬರತ್ತೆ."

ಪವಿತ್ರಾಳ ಮುಖ ಬಿಗಿಯಿತು. "ಗೋಡೆ ಬಿದ್ದು ಹೋಗಿದೆ ಸಾರ್. ಅದರ ಪಕ್ಕ ಯಾರು ನಿಂತ್ರೂ ಚೆನ್ನಾಗಿ ಬರಲ್ಲ."

ಬಿದ್ದ ಗೋಡೆಯ ಒಡತಿ ಸಣ್ಣಕ್ಕ ಹಿತ್ತಲಿನ ಕಲ್ಲಿನ ಮೇಲೆ ಕೂತಿದ್ದವಳು, ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಗೋಡೆ ಬಿದ್ದ ದಿನದಿಂದ ಅವಳು ನಕ್ಕದ್ದು ಅದೇ ಮೊದಲು ಎಂದು ಅವಳ ಗಂಡ ಐತ ಆಮೇಲೆ ಹೇಳಿದ.

ಕಮ್ಮರಡಿಯಿಂದ ಮೇಲಕ್ಕೆ, ಜೀಪು, ಬೈಕು ಮಾತ್ರ ಹತ್ತುವ ದಾರಿಯ ಕೊನೆಗೆ ಬಿದಿರಹಕ್ಲು. ಹತ್ತು ಹನ್ನೆರಡು ಮನೆ, ಕೂಲಿ ಮಾಡಿ ಬದುಕುವ ಜನ. ಪವಿತ್ರಾ ಆ ಭಾಗದ ಗ್ರಾಮ ಆಡಳಿತಾಧಿಕಾರಿ. ಹಳಬರ ಬಾಯಲ್ಲಿ ಮಾತ್ರ ಈಗಲೂ ಶಾನುಭೋಗಮ್ಮ. ಆ ವರ್ಷದ ಮಳೆ ತಾಲ್ಲೂಕಿನ ತುಂಬ ಗೋಡೆ ಕೆಡವಿ, ಹಳ್ಳ ದಾಟುವ ಸಂಕ ಕೊಚ್ಚಿ, ರಸ್ತೆ ಕಡಿದು, ಈಗಷ್ಟೇ ಬಿಡುವು ಕೊಟ್ಟಿತ್ತು. ಇನ್ನು ಕಂದಾಯದವರೂ ಎಂಜಿನಿಯರೂ ಒಟ್ಟಿಗೆ ಮನೆಮನೆಗೆ ಹೋಗಿ ನೋಡಬೇಕು. ಪೂರ್ತಿ ಹೋದದ್ದು ಯಾವುದು, ಭಾಗಶಃ ಹೋದದ್ದು ಯಾವುದು ಎಂದು ತೀರ್ಮಾನಿಸಿ, ಫೋಟೋ ಸಮೇತ ಕಂಪ್ಯೂಟರಿಗೆ ಏರಿಸಬೇಕು. ಅದು ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಬೆಂಗಳೂರಿಗೆ, ಅಲ್ಲಿಂದ ನೆರವು ಕೇಳುವ ಮನವಿಯಾಗಿ ದಿಲ್ಲಿಗೆ ಹೋಗುತ್ತದೆ. ದಿಲ್ಲಿಯವರು ಒಂದು ತಂಡ ಕಳಿಸಿ ನೋಡಿಸುತ್ತಾರೆ. ಅಷ್ಟು ದೂರದ ದಾರಿಗೆ ಸಣ್ಣಕ್ಕನ ಹಿತ್ತಲೇ ಮೊದಲ ಮೆಟ್ಟಿಲು.

ಈಶಾನ ಮೊಬೈಲ್ ಕೆಳಗಿಳಿಸಿ ಕೆನ್ನೆ ಉಜ್ಜಿಕೊಂಡ. "ಮೇಡಂ, ಬರೀ ಗೋಡೆ ತೆಗೆದ್ರೆ ಅದು ಕೋಳಿಗೂಡಿಂದೋ ಬಂಗಲೆದೋ ದಿಲ್ಲೀಲಿ ಕೂತವರಿಗೆ ಗೊತ್ತಾಗಲ್ಲ. ಪಕ್ಕ ಒಬ್ಬ ಮನುಷ್ಯ ಇದ್ರೆ ಎತ್ತರ ತಿಳಿಯತ್ತೆ. ಅಷ್ಟೇ ನಾನು ಹೇಳೋಕೆ ಹೊರಟಿದ್ದು."

"ಅದಕ್ಕೆ ಅಳತೆ ಕೋಲು ಇರಲ್ವಾ?"

"ಇತ್ತು. ನಿನ್ನೆ ಹಳ್ಳ ದಾಟೋವಾಗ ತೇಲಿ ಹೋಯ್ತು. ಈಗ ಸಮುದ್ರದ ದಾರೀಲಿ ಇರಬಹುದು."

ಪವಿತ್ರಾ ಹೋಗಿ ಗೋಡೆಯ ಪಕ್ಕ ನಿಂತಳು. ಕಿವಿ ಬೆಚ್ಚಗಾಗಿತ್ತು. ನಗಬಾರದೆಂದು ತುಟಿ ಕಚ್ಚಿ ಹಿಡಿದದ್ದು ಫೋಟೋದಲ್ಲಿ ಹಾಗೆಯೇ ಬಂತು.

*

ಅಂದೇ ಜಗಳವೂ ಆಯಿತು.

"ಇದನ್ನ ಪೂರ್ಣ ಹಾನಿ ಅಂತ ಹಾಕೋಣ ಸಾರ್," ಎಂದಳು ಪವಿತ್ರಾ.

ಈಶಾನ ಉಳಿದ ಗೋಡೆಗಳನ್ನು ಬೆರಳ ಗಂಟಿನಿಂದ ತಟ್ಟಿ, ಹೆಂಚಿನ ಮಾಡಿನ ಕಡೆ ಕಣ್ಣು ಹಾಯಿಸಿ ಬಂದ. "ಹಿಂದಿನ ಗೋಡೆ ಮಾತ್ರ ಹೋಗಿದೆ. ಬಾಕಿ ಗಟ್ಟಿ ಇದೆ, ಮಾಡೂ ನಿಂತಿದೆ. ಭಾಗಶಃ."

"ಇವತ್ತು ಈ ಮನೇಲಿ ಮಲಗ್ತೀರಾ ನೀವು?"

ಅವನು ಸುಳ್ಳು ಹೇಳಲಿಲ್ಲ. "ಇಲ್ಲ."

"ಮತ್ತೆ?"

"ನಾನು ಮಲಗ್ತೀನೋ ಇಲ್ವೋ ಅನ್ನೋಕೆ ಕಾಲಮ್ ಇಲ್ಲ ಮೇಡಂ. ಒಂದು ಕಡೆ ಉಬ್ಬಿಸಿ ಹಾಕಿದ್ರೆ, ಪರಿಶೀಲನೆಗೆ ಬಂದವರು ಅದೊಂದನ್ನ ಹಿಡಿದು ಉಳಿದ ನಿಜಗಳನ್ನೂ ನಂಬಲ್ಲ. ಪೂರ್ತಿ ಮನೆ ಕಳಕೊಂಡವರಿಗೂ ಕಲ್ಲು ಬೀಳತ್ತೆ."

ಅವನ ಮಾತು ಸರಿಯಿತ್ತು. ಸರಿಯಿದ್ದದ್ದಕ್ಕೇ ಅವಳಿಗೆ ಹೆಚ್ಚು ಸಿಟ್ಟು ಬಂತು.

ಸಂಜೆ ಬಾಳಗಡಿಯ ಬಾಡಿಗೆ ಮನೆಯಲ್ಲಿ ಅವಳು ಪಾತ್ರೆ ತೊಳೆಯುವ ಸದ್ದಿಗೆ ಅಮ್ಮ ರಾಧಮ್ಮ ಒಳಗೆ ಬಂದಳು. "ಯಾರ ಮೇಲಿನ ಸಿಟ್ಟೇ ಅದು? ಪಾತ್ರೆ ಎಂತ ಮಾಡ್ತು ನಿಂಗೆ?"

"ಯಾರ ಮೇಲೂ ಇಲ್ಲ."

"ಹಂಗಾದ್ರೆ ಗಂಡಸಿನ ಮೇಲೇ," ಎಂದು ರಾಧಮ್ಮ ಟಿವಿಯ ಮುಂದೆ ಹೋಗಿ ಕೂತಳು.

*

ಮರುದಿನ ಬೆಳಿಗ್ಗೆ ಉಳಿದ ಮನೆಗಳನ್ನು ನೋಡಲು ಪವಿತ್ರಾ ಬಿದಿರಹಕ್ಲಿಗೆ ಹೋದಾಗ ಈಶಾನನ ಬೈಕು ಅವಳಿಗಿಂತ ಮೊದಲೇ ಅಲ್ಲಿ ನಿಂತಿತ್ತು.

"ಎಂಜಿನಿಯರು ಗುಡ್ಡ ಹತ್ತಿದಾರೆ ಮಾರಾಯ್ರೆ," ಎಂದ ಐತ. "ಕಾಫಿ ಕುಡೀರಿ ಅಂದ್ರೂ ಕೇಳಲಿಲ್ಲ."

ಸಣ್ಣಕ್ಕ ತಂಬಿಗೆ ತುಂಬ ಕಾಫಿ ಬಗ್ಗಿಸಿ ಪವಿತ್ರಾಳ ಕೈಗೆ ಕೊಟ್ಟಳು. ಲೋಟ ಮಾತ್ರ ಒಂದೇ ಕೊಟ್ಟಳು.

ಮನೆಗಳ ಹಿಂದೆ ಗುಡ್ಡದ ಇಳಿಜಾರಿನಲ್ಲಿ ಸೊಂಟದೆತ್ತರ ಹುಲ್ಲು. ಅದರ ನಡುವೆ ಈಶಾನ ಕುಕ್ಕರಗಾಲಿನಲ್ಲಿ ಕೂತಿದ್ದ. ಅವನ ಮುಂದೆ ನೆಲ ಬಾಯಿ ಬಿಟ್ಟಿತ್ತು. ಬಿರುಕು ಹುಲ್ಲಿನೊಳಗೆ ಅಡಗಿಕೊಂಡು, ಬಿಲ್ಲಿನಂತೆ ಬಾಗಿ, ಎಲ್ಲ ಮನೆಗಳ ನೆತ್ತಿಯ ಮೇಲೆ ಹಾದುಹೋಗಿತ್ತು. ಅದರ ಎರಡು ದಂಡೆಗೂ ಗೂಟ ಬಡಿದು ಅವನು ದಾರ ಕಟ್ಟುತ್ತಿದ್ದ.

"ನಿನ್ನೆ ನಿದ್ದೆ ಬರಲಿಲ್ಲ," ಎಂದ, ತಿರುಗಿ ನೋಡದೆ.

"ನಾನೇನು ಮಾಡಿದೆ?"

"ಇಲ್ಲಿ ಮಲಗ್ತೀರಾ ಅಂತ ಕೇಳಿದ್ರಲ್ಲ. ಇಲ್ಲ ಅಂದೆ. ಆಮೇಲೆ ಯೋಚನೆ ಬಂತು, ಯಾಕೆ ಇಲ್ಲ ಅಂದೆ ಅಂತ. ಗೋಡೆ ಗಟ್ಟಿ ಇದೆ ಅಂದವನು ನಾನೇ. ನನಗೆ ಭಯ ಆಗಿದ್ದು ಗೋಡೆದಲ್ಲ, ಅದರ ಹಿಂದಿನ ಗುಡ್ಡದ್ದು." ಅವನು ಗಂಟು ಬಿಗಿದ. "ಇನ್ನೊಂದು ದೊಡ್ಡ ಮಳೆ ಬಂದ್ರೆ ಒಂದು ಮನೆ ಅಲ್ಲ, ಇಡೀ ಹಕ್ಲು ಹೋಗತ್ತೆ. ದಾರ ಬಿಗಿಯಾಗ್ತಾ ಬಂದ್ರೆ ಗುಡ್ಡ ಜಾರ್ತಿದೆ ಅಂತ ಅರ್ಥ."

ಪವಿತ್ರಾ ಬಿರುಕಿನ ಅಂಚಿಗೆ ಬಂದು ಬಗ್ಗಿ ನೋಡಿದಳು. "ಇದಕ್ಕೆ ಕಾಲಮ್ ಇದೆಯಾ?"

"ಬಿದ್ದದ್ದಕ್ಕೆ ಇದೆ. ಬೀಳೋದಕ್ಕೆ ಇಲ್ಲ."

ಅವಳು ತಂಬಿಗೆ ಕೆಳಗಿಟ್ಟು, ಚೂಡಿದಾರದ ತುದಿ ಎತ್ತಿ ಹಿಡಿದು, ಬಿರುಕಿನೊಳಗೆ ಇಳಿದು ನಿಂತಳು. ಮಣ್ಣು ಮೊಣಕಾಲು ದಾಟಿತು. "ಫೋಟೋ ತೆಗೀರಿ."

ಅವನು ಗಾಬರಿಯಾಗಿ ಎದ್ದ. "ಹತ್ತಿ ಮೇಡಂ ಮೇಲೆ. ಯಾರಾದ್ರೂ ಇಳೀತಾರಾ ಅಲ್ಲಿ?"

"ಎತ್ತರ ತಿಳೀಬೇಕಲ್ಲ ದಿಲ್ಲಿಯವರಿಗೆ. ಬೇಗ ತೆಗೀರಿ."

ಅವನು ತೆಗೆದ. ತೆಗೆದ ಮೇಲೂ ಮೊಬೈಲ್ ಇಳಿಸಲಿಲ್ಲ. ಎಳೆ ಬಿಸಿಲು ಅವಳ ಹಣೆಯ ಮುಂಗೂದಲಿನ ಬೆವರ ಹನಿಯ ಮೇಲೆ ಕೂತಿತ್ತು.

"ಆಯ್ತಾ?"

"ಇನ್ನೊಂದು. ಅಲ್ಲಾಡಿತು."

"ಗುಡ್ಡವಾ, ನಿಮ್ಮ ಕೈಯಾ?"

ಅವಳನ್ನು ಮೇಲೆತ್ತಲು ಅವನು ಚಾಚಿದ ಕೈ, ಅವಳು ಮೇಲೆ ಬಂದ ಮೇಲೂ ಒಂದು ಗಳಿಗೆ ಹೆಚ್ಚೇ ಹಿಡಿದುಕೊಂಡಿತ್ತು. ಕಾಫಿಯನ್ನು ಒಂದೇ ಲೋಟದಲ್ಲಿ ಒಬ್ಬರಾದ ಮೇಲೆ ಒಬ್ಬರು ಕುಡಿದರು.

*

ತಹಶೀಲ್ದಾರ್ ದಾಕ್ಷಾಯಣಮ್ಮ ಇಬ್ಬರ ವರದಿಯನ್ನೂ ಓದಿ ಕನ್ನಡಕ ತೆಗೆದರು. "ಭೂವಿಜ್ಞಾನದವರಿಗೆ ಬರೀತೀನಿ. ಅವರು ಎಲ್ಲಾ ತಾಲ್ಲೂಕಿಗೂ ಬೇಕಾದವರು, ಯಾವಾಗ ಬರ್ತಾರೋ ಗೊತ್ತಿಲ್ಲ. ಅಲ್ಲಿವರೆಗೆ ಜನರನ್ನ ಕಾಳಜಿ ಕೇಂದ್ರಕ್ಕೆ ಕರ್ಕೊಂಡು ಬನ್ನಿ."

ಜನ ಬರಲಿಲ್ಲ. "ಬಿಸಿಲಲ್ಲಿ ಗುಡ್ಡ ಬೀಳತ್ತಾ?" ಎಂದರು. ಮನೆ ಬಿಟ್ಟರೆ ದನಕ್ಕೆ ಯಾರು, ಕೂಲಿಗೆ ದಾರಿ ಎಷ್ಟು ದೂರ ಎಂದು ಕೇಳಿದರು. ಸಣ್ಣಕ್ಕ ಇನ್ನೊಂದು ಮಾತು ಹೇಳಿದಳು. "ಒಬ್ಬೊಬ್ರನ್ನ ಒಂದೊಂದು ಊರಿಗೆ ಹಂಚಿ ಹಾಕ್ತೀರಿ ಮೇಡಂ. ನಂಗೆ ಜ್ವರ ಬಂದ್ರೆ ಗಂಜಿ ಕೊಡೋರು ಯಾರು?"

ಪವಿತ್ರಾ ಆ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡಳು.

ಸಮೀಕ್ಷೆ ಮುಂದುವರಿಯಿತು. ಈಶಾನನ ಬೈಕಿನ ಹಿಂದೆ ಕೂತು ಅವಳು ಕಡಿದ ರಸ್ತೆಗಳನ್ನೂ ಮುರಿದ ಮೋರಿಗಳನ್ನೂ ನೋಡಿದಳು. ಹೊಸ ಅಳತೆ ಕೋಲು ಆಫೀಸಿಗೆ ಬಂದಿತ್ತು. ಅವನು ಅದನ್ನು ದಿನಾ ಮರೆತು ಬರುತ್ತಿದ್ದ.

"ಇವತ್ತೂ ಮರೆತ್ರಾ?"

"ಹೌದು ನೋಡಿ. ನೀವೇ ನಿಲ್ಲಬೇಕು."

ಅವಳ ಹೆಗಲಿನ ಚೀಲದಲ್ಲಿ ಕೊಡೆ, ಬಿಸ್ಕತ್ತು, ತಲೆನೋವಿನ ಮಾತ್ರೆ, ರಕ್ತ ಹೀರುವ ಉಂಬಳಕ್ಕೆ ಹಾಕುವ ಉಪ್ಪಿನ ಪೊಟ್ಟಣ ಎಲ್ಲ ಇರುತ್ತಿದ್ದವು. ಅವನು ಅದಕ್ಕೆ ಕಾಳಜಿ ಕೇಂದ್ರ ಎಂದು ಹೆಸರಿಟ್ಟ. "ಮೇಡಂ, ಕಾಳಜಿ ಕೇಂದ್ರದಲ್ಲಿ ನೆಗಡಿಗೆ ಏನಾದ್ರೂ ಇದೆಯಾ?" ಎಂದು ಕೇಳುವಾಗ ಅವನ ಕಣ್ಣು ಚೀಲದ ಮೇಲಿರುತ್ತಿರಲಿಲ್ಲ. ಅವಳು ಅದನ್ನು ಗಮನಿಸಿಯೂ ಗಮನಿಸದವಳಂತೆ ಚೀಲದೊಳಗೆ ಬಹಳ ಹೊತ್ತು ಹುಡುಕುತ್ತಿದ್ದಳು.

ಒಂದು ಮಧ್ಯಾಹ್ನ ತುಂಗೆಯ ದಂಡೆಯ ಬಂಡೆಯ ಮೇಲೆ ಬುತ್ತಿ ಬಿಚ್ಚಿದಾಗ ಅವನು ಕೇಳಿದ. "ಈ ಕೆಲಸಕ್ಕೇ ಯಾಕೆ ಬಂದ್ರಿ?"

"ನರಸಿಂಹರಾಜಪುರದ ಹತ್ರ ಎಸ್ಟೇಟಿನ ಕೂಲಿ ಲೈನಲ್ಲಿ ಬೆಳೆದೋಳು ನಾನು. ಅಪ್ಪ ಇರಲಿಲ್ಲ. ಒಂದು ಮಳೇಲಿ ನಮ್ಮನೆ ಗೋಡೆ ಬಿತ್ತು. ನೋಡೋಕೆ ಒಬ್ರು ಶಾನುಭೋಗಮ್ಮ ಬಂದ್ರು. ಚಾಪೆ ಮೇಲೆ ಕೂತು, ಅಮ್ಮನ ಹತ್ರ 'ನಿಮ್ಮ ಹೆಸರೇನಮ್ಮ' ಅಂತ ಕೇಳಿದ್ರು. ಎಸ್ಟೇಟಲ್ಲಿ ಅಮ್ಮನ್ನ ಎಲ್ಲರೂ 'ಏ ಇವಳೇ' ಅಂತಿದ್ರು. ಅವತ್ತು ಅಮ್ಮ ತನ್ನ ಹೆಸರು ಹೇಳೋವಾಗ ಸ್ವಲ್ಪ ತೊದಲಿದ್ದು ನಂಗಿನ್ನೂ ನೆನಪಿದೆ."

ಈಶಾನ ತುತ್ತನ್ನು ಕೈಯಲ್ಲೇ ಹಿಡಿದು ಕೂತಿದ್ದ. ನೀರಿನ ಸದ್ದಿಗಿಂತ ಮೆಲ್ಲಗೆ, "ಇನ್ನೂ ಹೇಳಿ," ಎಂದ. ಅವಳು ಹೇಳಿದಳು. ಅಷ್ಟು ಸಾವಧಾನವಾಗಿ ಯಾರೂ ಅವಳ ಮಾತು ಕೇಳಿರಲಿಲ್ಲ.

ಆಮೇಲೆ ಅವನ ಸರದಿ. ಶೃಂಗೇರಿ ಹತ್ತಿರ ತೋಟ, ಗದ್ದೆ, ಅಮ್ಮ ಸುಲೋಚನಮ್ಮ. ಹೇಳುತ್ತ ಹೇಳುತ್ತ ಬಾಯಿ ತಪ್ಪಿ, "ಮನೇಲಿ ನಂಗೆ ಹುಡುಗಿ ನೋಡ್ತಿದಾರೆ," ಎಂದ.

ಪವಿತ್ರಾ ಬುತ್ತಿಯ ಮುಚ್ಚಳ ಹಾಕಿದಳು. "ಹೊತ್ತಾಯ್ತು ಸಾರ್, ಹೋಗೋಣ."

ಒಂದು ವಾರದಿಂದ ಉದುರಿಹೋಗಿದ್ದ 'ಸಾರ್' ಮತ್ತೆ ಬಂದು ಇಬ್ಬರ ನಡುವೆ ಬೈಕಿನ ಸೀಟಿನ ಮೇಲೆ ಕೂತಿತು.

*

ದಿಲ್ಲಿಯ ತಂಡ ಬಂತು. ಕೊಪ್ಪದ ಪ್ರವಾಸಿ ಮಂದಿರದ ಹಾಲಿನಲ್ಲಿ ಪರದೆ ಕಟ್ಟಿ, ಹಾನಿಯ ಫೋಟೋಗಳನ್ನು ಒಂದರ ಹಿಂದೊಂದು ತೋರಿಸಿದರು. ಜಿಲ್ಲೆಯ ಅಧಿಕಾರಿಗಳೆಲ್ಲ ಮುಂದೆ ಕೂತಿದ್ದರು. ತಂಡ ಮುಖ್ಯ ರಸ್ತೆಯ ಭೂಕುಸಿತ ನೋಡಿಕೊಂಡು ಹಾಗೇ ಮುಂದಿನ ಜಿಲ್ಲೆಗೆ ಹೋಗುವುದೆಂದು ನಿಗದಿಯಾಗಿತ್ತು. ಬಿದಿರಹಕ್ಲು ಆ ದಾರಿಯಲ್ಲಿರಲಿಲ್ಲ. ಪವಿತ್ರಾ ದಾಕ್ಷಾಯಣಮ್ಮನವರನ್ನು ಕೇಳಿ ನೋಡಿದ್ದಳು. "ಟೈಮ್ ಇಲ್ಲ ಅಂತ ಮೇಲಿನಿಂದಲೇ ಹೇಳಿದಾರೆ," ಎಂದು ಅವರು ಬೇಸರದಿಂದ ಕೈ ಚೆಲ್ಲಿದ್ದರು.

ಪರದೆಯ ಮೇಲೆ ಮುರಿದ ಮೋರಿ, ಪಕ್ಕದಲ್ಲಿ ಪವಿತ್ರಾ. ಕುಸಿದ ಶಾಲೆಯ ಗೋಡೆ, ಪಕ್ಕದಲ್ಲಿ ಪವಿತ್ರಾ. ಕೊಚ್ಚಿಹೋದ ಸಂಕ, ದಂಡೆಯಲ್ಲಿ ಕೊಡೆ ಹಿಡಿದ ಪವಿತ್ರಾ. ತನ್ನ ಮುಖ ಇಷ್ಟು ದೊಡ್ಡದಾಗಿ ಬರಬಹುದೆಂದು ಅವಳು ಕನಸಲ್ಲೂ ಎಣಿಸಿರಲಿಲ್ಲ. ಹಿಂದಿನ ಸಾಲಿನ ಕುರ್ಚಿಯಲ್ಲಿ ಅವಳು ಕುಗ್ಗುತ್ತಾ ಹೋದಳು.

ತಂಡದ ಮುಖ್ಯಸ್ಥೆ ನರೆತ ಕೂದಲಿನ ಹೆಂಗಸು. ಇಂಗ್ಲಿಷಿನಲ್ಲಿ ಕೇಳಿದರು, ಎಲ್ಲಾ ಫೋಟೋದಲ್ಲೂ ಇರುವ ಈ ಹುಡುಗಿ ಯಾರು ಎಂದು.

ಹಾಲಿನಲ್ಲಿ ಸಣ್ಣ ನಗೆ ಹರಡಿತು. ಈಶಾನ ಎದ್ದು ನಿಂತ. ಕಿವಿಯ ತುದಿಯವರೆಗೂ ಕೆಂಪಾಗಿದ್ದ. "ಸ್ಕೇಲ್, ಮೇಡಂ," ಎಂದ.

ನಗೆ ಜೋರಾಯಿತು. ಆಕೆಯೂ ನಕ್ಕರು. ಅಷ್ಟರಲ್ಲಿ ಮುಂದಿನ ಫೋಟೋ ಬಂತು. ಹುಲ್ಲಿನ ಇಳಿಜಾರು, ಸೀಳಿದ ನೆಲ, ಅದರೊಳಗೆ ಮೊಣಕಾಲಿನ ಮೇಲಿನವರೆಗೆ ಇಳಿದು ನೇರ ಕಣ್ಣಿಟ್ಟು ನೋಡುತ್ತಿರುವ ಪವಿತ್ರಾ. ಅವಳ ಬೆನ್ನ ಹಿಂದೆ, ಕೆಳಗೆ, ಬಿದಿರಹಕ್ಲಿನ ಹೆಂಚಿನ ಮಾಡುಗಳು.

ನಗೆ ತಾನಾಗಿ ನಿಂತಿತು. ಆಕೆ ಮುಂದೆ ಬಾಗಿ ನೋಡಿದರು. "ಆ ಮನೆಗಳಲ್ಲಿ ಈಗ ಜನ ಇದಾರಾ?"

"ಇದಾರೆ," ಎಂದ ಈಶಾನ.

"ಮೊದಲು ಅಲ್ಲಿಗೆ ಹೋಗೋಣ."

ಜೀಪುಗಳು ಗುಡ್ಡ ಹತ್ತಿದವು. ಆಕೆ ಬಿರುಕಿನ ಉದ್ದಕ್ಕೂ ನಡೆದರು. ಗೂಟದ ದಾರವನ್ನು ಮುಟ್ಟಿ ನೋಡಿದರು. ಕೆಳಗಿಳಿದು ಸಣ್ಣಕ್ಕ ಕೊಟ್ಟ ಮಜ್ಜಿಗೆ ಕುಡಿದು, ನಿಮಗೆ ಏನು ಬೇಕು ಎಂದು ಕೇಳಿದರು. ಪವಿತ್ರಾ ಕನ್ನಡಕ್ಕೆ ತಂದು ಹೇಳಿದಳು.

ಸಣ್ಣಕ್ಕ ಸುತ್ತ ನಿಂತವರನ್ನು ನೋಡಿದಳು. "ಎಲ್ಲಿಗೆ ಬೇಕಾದ್ರೂ ಬತ್ತೀವಿ. ಎಲ್ಲರನ್ನೂ ಒಟ್ಟಿಗೆ ಹಾಕಿ ಅಂತ ಹೇಳು ಮಗಾ."

ಆ ಮಾತನ್ನು ಇಂಗ್ಲಿಷಿಗೆ ತರುವಾಗ ಪವಿತ್ರಾ ಅರ್ಧಕ್ಕೆ ತಡೆದಳು. ಈಶಾನ ಅವಳ ಹಿಂದೆ ಬಂದು ನಿಂತ. ಮುಟ್ಟಲಿಲ್ಲ. ಆದರೂ ಬೆನ್ನಿಗೆ ಗೋಡೆ ಸಿಕ್ಕಂತಾಗಿ ಅವಳು ವಾಕ್ಯ ಮುಗಿಸಿದಳು.

*

ಅದಾದ ಮೇಲೆ ಕೆಲಸಗಳು ಚುರುಕಾದವು. ಭೂವಿಜ್ಞಾನದವರು ಬಂದು ಜಾಗ ವಾಸಕ್ಕೆ ಯೋಗ್ಯವಲ್ಲ ಎಂದರು. ಮಕ್ಕಳಿಲ್ಲದೆ ಮುಚ್ಚಿದ್ದ ಶಾಲೆಯೊಂದನ್ನು ದಾಕ್ಷಾಯಣಮ್ಮ ತೆರೆಸಿ, ಹಿಂದುಗಡೆ ದನಗಳಿಗೆ ಚಪ್ಪರ ಹಾಕಿಸಿದರು. ಬಿದಿರಹಕ್ಲು ಪೂರ್ತಿಯಾಗಿ ಅಲ್ಲಿಗಿಳಿಯಿತು. ನಾಯಿ ಬೆಕ್ಕು ಕೋಳಿಗಳೂ ಬಂದವು.

ಸಮೀಕ್ಷೆ ಮುಗಿದಿತ್ತು. ಈಶಾನ ತನ್ನ ಆಫೀಸಿಗೆ, ಪವಿತ್ರಾ ತನ್ನ ಆಫೀಸಿಗೆ. ಭೇಟಿಯಾಗಲು ಕಾರಣವೇ ಉಳಿಯಲಿಲ್ಲ.

ಉಳಿದದ್ದು ದಾರ ಮಾತ್ರ. ಅವನು ಆಗಾಗ ಗುಡ್ಡಕ್ಕೆ ಹೋಗಿ ನೋಡಿ ಮೆಸೇಜ್ ಹಾಕುತ್ತಿದ್ದ. "ದಾರ ಹಾಗೇ ಇದೆ." ಇನ್ನೊಂದು ದಿನ, "ದಾರ ಸ್ವಲ್ಪ ಬಿಗಿ ಆಗಿದೆ."

ಪವಿತ್ರಾ "ಸರಿ ಸಾರ್" ಎಂದು ಉತ್ತರಿಸುತ್ತಿದ್ದಳು. ಉತ್ತರಿಸಿದ ಮೇಲೂ ಆ ಒಂದು ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದಳು. ಗುಡ್ಡದ ಸುದ್ದಿಯಲ್ಲಿ ಬೇರೆ ಏನೂ ಇರಲಿಲ್ಲ. ಬೇರೆ ಏನಾದರೂ ಇರಲೆಂದು ಅವಳೇ ಹುಡುಕುತ್ತಿದ್ದಳು.

ಹಿಂಗಾರು ಶುರುವಾಯಿತು. ಎರಡು ದಿನ ಬಿಡದೆ ಸುರಿದ ಮಳೆ ನಿಂತ ಬೆಳಿಗ್ಗೆ ಮೆಸೇಜ್ ಬಂತು. "ದಾರ ನೋಡ್ಕೊಂಡು ಬರ್ತೀನಿ."

ಮಧ್ಯಾಹ್ನ, ಹೊಳೆಯುವ ಬಿಸಿಲಿನಲ್ಲಿ, ಬಿದಿರಹಕ್ಲಿನ ಗುಡ್ಡ ಜಾರಿತು.

ಸುದ್ದಿ ಬಂದಾಗ ಪವಿತ್ರಾ ಕಮ್ಮರಡಿಯ ಆಫೀಸಿನಲ್ಲಿದ್ದಳು. ಈಶಾನನ ಫೋನ್ ವ್ಯಾಪ್ತಿಯ ಹೊರಗಿತ್ತು. ಅವಳು ಶಾಲೆಗೆ ಧಾವಿಸಿದಾಗ ಎಲ್ಲರೂ ಅಂಗಳದಲ್ಲಿ ನಿಂತಿದ್ದರು. ಸಣ್ಣಕ್ಕ ಒಬ್ಬೊಬ್ಬರ ಹೆಸರು ಕೂಗಿ ನೋಡಿ, "ಎಲ್ಲರೂ ಇದೀವಿ ಮೇಡಂ, ಒಬ್ರೂ ತಪ್ಪಿಲ್ಲ," ಎಂದಳು. ಎಂಜಿನಿಯರನ್ನು ಯಾರೂ ಕಂಡಿರಲಿಲ್ಲ.

ಅವಳು ಸ್ಕೂಟರ್ ಹತ್ತಿಸಿದಷ್ಟು ದೂರ ಹತ್ತಿಸಿದಳು. ಮುಂದೆ ದಾರಿ ಇರಲಿಲ್ಲ. ಕೆಂಪು ಮಣ್ಣಿನ ಗೋಡೆ, ಬುಡಮೇಲಾದ ಮರಗಳು. ಮಣ್ಣಿನಿಂದ ಬೈಕೊಂದರ ಹ್ಯಾಂಡಲ್ ಹೊರಗೆ ಚಾಚಿತ್ತು.

ಅವಳಿಗೆ ಅಳು ಬರಲಿಲ್ಲ. "ಈಶಾನ," ಎಂದು ಕೂಗಿದಳು. ಹಿಂದೆಂದೂ ಅವಳು ಆ ಹೆಸರನ್ನು ಒಂಟಿಯಾಗಿ ಉಚ್ಚರಿಸಿರಲಿಲ್ಲ. ಕೆಳಗಿನ ಗದ್ದೆಯಿಂದ ಹತ್ತಿ ಬರುತ್ತಿದ್ದ ಹೆಂಗಸೊಬ್ಬಳು ಅವಳ ಮುಖ ನೋಡಿ ನಿಂತಳು. "ಎಂಜಿನಿಯರಾ? ದಾರ ತುಂಡಾಗಿದೆ, ಓಡಿ ಅಂತ ನಮ್ಮನ್ನೆಲ್ಲ ಗದ್ದೆಯಿಂದ ಎಬ್ಬಿಸಿದ್ದೇ ಅವ್ರು ಮಾರಾಯ್ತಿ. ಆಗಲೇ ಪೇಟೆ ಕಡೆ ಹೋದ್ರಲ್ಲ."

*

ಕಮ್ಮರಡಿಯ ಬೂತಪ್ಪನ ಚಾ ಅಂಗಡಿಯ ಬೆಂಚಿನ ಮೇಲೆ ಅವನು ಕೂತಿದ್ದ. ತಲೆಯಿಂದ ಕಾಲಿನವರೆಗೂ ಕೆಂಪು ಮಣ್ಣು. ಬೂತಪ್ಪನ ಮೊಬೈಲನ್ನು ಕಿವಿಗಿಟ್ಟುಕೊಂಡು, "ಪವಿತ್ರಾ ಅವರಾ?" ಎಂದು ಕೇಳಿ, ಬೈಸಿಕೊಂಡು, ಕಟ್ ಮಾಡುತ್ತಿದ್ದ.

"ನೀವೇ ಬಂದ್ರಲ್ಲ, ಬಚಾವಾದೆ," ಎಂದ ಬೂತಪ್ಪ. "ಇವ್ರ ಫೋನು ಮಣ್ಣಲ್ಲಿ ಹೋಗಿದೆಯಂತೆ. ನಿಮ್ಮ ನಂಬರಿನ ಬಾಲ ಮರೆತಿದಾರೆ. ನನ್ನ ಫೋನಿಂದ ಯಾರ್ಯಾರದೋ ಮನೆಗೆ ಹಚ್ಚಿ, ಎಲ್ಲರ ಹತ್ರಾನೂ ಉಗಿಸಿಕೊಳ್ತಿದಾರೆ."

ಪವಿತ್ರಾ ಅವನ ಎದುರು ನಿಂತಳು. ಬಾಯಿಂದ ಮೊದಲು ಹೊರಬಂದದ್ದು ಬೈಗುಳ. "ಬುದ್ಧಿ ಇದೆಯಾ ನಿಮಗೆ? ಆ ಮಳೆ ಆದ ಮೇಲೆ ಯಾರಾದ್ರೂ ಹೋಗ್ತಾರಾ ಅಲ್ಲಿಗೆ? ಬೈಕ್ ನೋಡಿದೆ ನಾನು. ಬರೀ ಹ್ಯಾಂಡಲ್ ಕಾಣ್ತಿತ್ತು. ಒಳಗೆ ನೀವೂ ಇದೀರಿ ಅಂತ ನಾನು..."

ಅಲ್ಲಿ ಅವಳ ಮಾತು ಒಡೆಯಿತು. ಬೂತಪ್ಪ ಏನೋ ನೆನಪಾದವನಂತೆ ಹಾಲಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದ.

"ಪವಿತ್ರಾ," ಎಂದ ಈಶಾನ. ಮೇಡಂ ಇರಲಿಲ್ಲ. "ಓಡೋವಾಗ ನಂಗೆ ಒಂದೇ ಯೋಚನೆ. ಇಷ್ಟು ದಿನ ದಾರದ ಸುದ್ದಿ ಬರೆದೆ, ಬರೀಬೇಕಾದ್ದು ಬರೀಲೇ ಇಲ್ಲ ಅಂತ."

"ಎಂತ ಬರೀಬೇಕಿತ್ತು?"

"ದಾರ ನೋಡೋಕೆ ವಾರಕ್ಕೊಂದು ಸಲ ಹೋದ್ರೆ ಸಾಕಿತ್ತು. ನಿಮಗೆ ಮೆಸೇಜ್ ಹಾಕೋಕೆ ನೆಪ ಬೇಕಿತ್ತು, ಅದಕ್ಕೆ ಹೋಗ್ತಿದ್ದೆ."

ಅವಳು ಬೆಂಚಿನ ಇನ್ನೊಂದು ತುದಿಗೆ ಕೂತಳು. ಕಣ್ಣೊರೆಸಿಕೊಂಡಳು. "ನಿಮಗೆ ಹುಡುಗಿ ನೋಡ್ತಿದಾರಲ್ಲ."

"ಬೇಡ ಅಂದೆ. ಯಾಕೆ ಅಂತ ಕೇಳಿದ್ರು, ನಿಮ್ಮ ವಿಷಯ ಹೇಳಿದೆ. ಯಾರು, ಯಾವ ಕಡೆಯವರು, ಎಲ್ಲಾ."

"ಅಮ್ಮ ಎಂತ ಹೇಳಿದ್ರು?"

"ಏನೂ ಇಲ್ಲ. ಬಡಿಸೋವಾಗ ಸೌಟು ಮಾತ್ರ ಸದ್ದು ಮಾಡ್ತಿತ್ತು. ನಿನ್ನೆ ರಾತ್ರಿ ಊಟಕ್ಕೆ ಕೂತಾಗ, 'ಆ ಕೂಸನ್ನ ಒಂದ್ಸಲ ಕರ್ಕಂಡು ಬಾ, ನಾ ನೋಡ್ತೆ' ಅಂದ್ರು." ಅವನು ತನ್ನ ಮಣ್ಣು ಮೆತ್ತಿದ ಅಂಗೈಯನ್ನು ಬೆಂಚಿನ ಮೇಲೆ, ಇಬ್ಬರ ನಡುವೆ, ಅಂಗಾತ ಇಟ್ಟ. "ನೀವು ಬರ್ತೀರಾ ಅಂತ ನಾನು ಇನ್ನೂ ಕೇಳೇ ಇಲ್ಲ."

ಪವಿತ್ರಾ ಆ ಅಂಗೈಯನ್ನು ನೋಡಿದಳು. ಹೆಬ್ಬೆರಳ ಬುಡದಲ್ಲಿ ದಾರ ಕೊಯ್ದ ಗೀರು ಇತ್ತು. ಅದರ ಮೇಲೆ ತನ್ನ ಕೈ ಇಟ್ಟಳು.

"ಮೊದಲು ಸ್ನಾನ ಮಾಡಿ," ಎಂದಳು. "ಆಮೇಲೆ ಕೇಳಿ."

*

ಚಳಿಗಾಲದಲ್ಲಿ ದಿಲ್ಲಿಯ ನೆರವು ಬಂತು. ಕೇಳಿದ್ದಕ್ಕಿಂತ ಬಹಳ ಕಡಿಮೆ ಬಂತು. ಅದಕ್ಕಾಗಿ ಪೇಪರುಗಳಲ್ಲಿ ವಾದವೂ ನಡೆಯಿತು. ಆದರೆ ಬಿದಿರಹಕ್ಲಿನವರಿಗೆ ಕಮ್ಮರಡಿಯ ಹತ್ತಿರವೇ ಸಮತಟ್ಟಾದ ಜಾಗ ಮಂಜೂರಾಯಿತು. ಎಲ್ಲರಿಗೂ ಒಂದೇ ಕಡೆ. ತಳಪಾಯದ ಗುರುತು ಹಾಕಿದವನು ಈಶಾನ. ಸಣ್ಣಕ್ಕ ತನ್ನ ಅಡುಗೆಮನೆಯ ಕಿಟಕಿ ನೆರೆಮನೆಯ ಕಿಟಕಿಗೆ ಎದುರಾಗಿ ಬರಲೇಬೇಕೆಂದು ಹಟ ಹಿಡಿದು ಗೆದ್ದಳು.

ಅದರ ನಡುವೆ ಒಂದು ಭಾನುವಾರ ಪವಿತ್ರಾ ಶೃಂಗೇರಿಯ ಬಸ್ಸು ಹತ್ತಿದಳು. ಪಕ್ಕದ ಸೀಟಿನಲ್ಲಿ ಈಶಾನ ದಾರಿಯುದ್ದಕ್ಕೂ ಉಗುರು ಕಚ್ಚುತ್ತಿದ್ದ. "ನಾನಲ್ವಾ ಹೆದರಬೇಕಾದೋಳು?" ಎಂದು ಅವಳೇ ಅವನಿಗೆ ಸಮಾಧಾನ ಹೇಳಬೇಕಾಯಿತು.

ಸುಲೋಚನಮ್ಮ ಹೆಚ್ಚು ಮಾತಾಡಲಿಲ್ಲ. ಅವಳ ಕೆಲಸದ ಬಗ್ಗೆ ಕೇಳಿದರು, ಗುಡ್ಡದ ಬಗ್ಗೆ ಕೇಳಿದರು. ಊಟಕ್ಕೆ ತಮ್ಮ ಪಕ್ಕವೇ ಎಲೆ ಹಾಕಿದರು. ಎರಡನೇ ಸಲ ಸಾರು ಬಡಿಸುವಾಗ, ಅವಳ ಕಡೆ ನೋಡದೆಯೇ, "ನಂಗೆ ಇದೆಲ್ಲ ಹೊಸತು. ಅಭ್ಯಾಸ ಆಗೋಕೆ ಸ್ವಲ್ಪ ಟೈಮ್ ಬೇಕು," ಎಂದರು. ಹೊರಡುವಾಗ ಬಾಗಿಲಿಗೆ ಬಂದು, "ಬರೋ ಭಾನುವಾರ ನಾನೇ ಬತ್ತೆ, ನಿನ್ನ ಅಮ್ಮನ್ನ ನೋಡಕ್ಕೆ," ಎಂದರು.

ಬಸ್ ಸ್ಟ್ಯಾಂಡಿನಲ್ಲಿ ನಿಂತು ಪವಿತ್ರಾ ಬಾಳಗಡಿಗೆ ಫೋನ್ ಮಾಡಿದಳು. ಈಶಾನ ಕೈ ಕಟ್ಟಿಕೊಂಡು ಪಕ್ಕದಲ್ಲೇ ನಿಂತಿದ್ದ.

ರಾಧಮ್ಮ ಈ ಸಂಬಂಧದ ಮಾತು ಬಂದಾಗಲೆಲ್ಲ ಬೇಡ ಎನ್ನುತ್ತಿದ್ದಳು. "ಅಂಥ ತೋಟದೋರ ಮನೇಲಿ ದುಡಿದೋಳು ನಾನು. ನನ್ನ ಮಗಳು ಅಲ್ಲಿ ಯಾರ ಮುಂದೂ ಕುಗ್ಗಿ ನಿಲ್ಲೋದು ಬೇಡ," ಎನ್ನುತ್ತಿದ್ದಳು. ಈಗ ಮಗಳು ಹೇಳಿದ್ದನ್ನೆಲ್ಲ ಕೇಳಿ ಸುಮ್ಮನಾದಳು. ಬಸ್ಸೊಂದು ಬಂದು, ಜನ ಇಳಿದು, ಹತ್ತಿ, ಹೊರಟೂ ಹೋಯಿತು.

"ಅಮ್ಮಾ, ಇದೀಯಾ?"

"ಇದೀನಿ." ರಾಧಮ್ಮ ಗಂಟಲು ಸರಿಮಾಡಿಕೊಂಡಳು. "ಅವ್ರಮ್ಮ ಕೆಸುವಿನ ಪತ್ರೊಡೆ ತಿಂತಾರಾ, ಕೇಳು."